ಮಂಡಿ ಕೊಟ್ಟ ತಂತಿ

ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ಆ ಹೊತ್ತಿಗೆ ಆಡಿದ ಮಾತು ಖರೆ ಎಂದು ನಮ್ಮ ಕಡೆಯವರು ನೆಲಕ್ಕೆ ಬೆರಳು ಬಡಿಯುತ್ತಾರೆ. ನಾನು ನೋಡಿಕೊಳ್ಳುವ ಹಲ್ಲಿ ಲೊಚಗುಟ್ಟಿದರೆ ಎಲ್ಲೋ ಏನೋ ಮುರಿದಿದೆ ಎಂದರ್ಥ. ಆದರೂ ವಿದ್ಯುತ್ ಟವರಿನ ಕೆಳಗೆ ನಿಂತ ಗ್ಯಾಂಗಿನವರು ಬಗ್ಗಿ ನೆಲಕ್ಕೆ ಬೆರಳು ಬಡಿದು "ಖರೆ ಖರೆ" ಅನ್ನುವುದನ್ನು ಬಿಟ್ಟಿಲ್ಲ. ನಮ್ಮ ಎಂಜಿನಿಯರ್ ಕಟ್ಟಿ ಸಾಹೇಬರು ಇದನ್ನು ಕಂಡಾಗಲೆಲ್ಲ, "2053ನೇ ಇಸ್ವಿ ಬಂತ್ರಪಾ, ಇನ್ನರೆ ಬಿಡ್ರಿ" ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

ಹಲ್ಲಿ ಎಂದರೆ ಒಂದು ಯಂತ್ರ. ಮೊಳದುದ್ದ ಇದೆ, ನಾಲ್ಕು ರಬ್ಬರ್ ಕಾಲು, ಹೊಟ್ಟೆಯಲ್ಲಿ ಒಂದು ದೀಪ. ಕಾಗದದ ಮೇಲೆ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದೆ, ಅದನ್ನು ಓದಿದವರು ಯಾರೂ ಇಲ್ಲ. ದೊಡ್ಡ ವಿದ್ಯುತ್ ಲೈನಿನ ತಂತಿಯ ಮೇಲೆ ಅದನ್ನು ಹತ್ತಿಸಿ, ತಂತಿಯ ಒಳಗೆ ಏನಾಗಿದೆ ಎಂದು ತಿಳಿದುಕೊಳ್ಳುವುದು ನನ್ನ ಕೆಲಸ. ನನ್ನ ಹೆಸರು ನೀಲಗಂಗಾ ಬಾರಕೇರ. ತುಂಗಭದ್ರೆಯ ದಂಡೆಯ ಊರು. ನಮ್ಮ ಹಿರಿಯರು ಹರಿಗೋಲು ಹಾಕಿ ಹೊಳೆ ದಾಟಿಸುತ್ತಿದ್ದವರು. ಹಗ್ಗದ ಕೆಲಸ ಗೊತ್ತಿದ್ದವರೆಂದು ನಮ್ಮಜ್ಜನ ಕಾಲದಲ್ಲಿ ಅವರನ್ನೆಲ್ಲ ತಂತಿ ಎಳೆಯಲು ಕರೆದುಕೊಂಡರು.

ಈಗ ತಂತಿಯ ವಿಷಯ ಸ್ವಲ್ಪ ಹೇಳಲೇಬೇಕು. ಹಳೆಯ ತಂತಿಗಳ ನಡುವೆ ಉಕ್ಕಿನ ಎಳೆಗಳಿರುತ್ತಿದ್ದವು, ಸುತ್ತ ಅಲ್ಯುಮಿನಿಯಂ. ಉಕ್ಕು ಭಾರ ಹೊರುತ್ತಿತ್ತು, ಅಲ್ಯುಮಿನಿಯಂ ಕರೆಂಟು ಒಯ್ಯುತ್ತಿತ್ತು. ನಮ್ಮ ಹೊಳೆಸಾಲಿನ ಲೈನಿನಲ್ಲಿ ಉಕ್ಕಿನ ಬದಲು ಕಾರ್ಬನ್ ನಾರಿನ ಒಂದು ಸಣ್ಣ ಕೋಲಿದೆ, ಸೀಸದ ಕಡ್ಡಿಯಷ್ಟು ದಪ್ಪ. ಅದರ ಮೇಲೆ ಗಾಜಿನ ನಾರಿನ ಹೊದಿಕೆ, ಆಮೇಲೆ ಅಲ್ಯುಮಿನಿಯಂ. ಇಂಥ ತಂತಿ ಹಗುರ, ಬಿಸಿಯಾದರೂ ಜೋತು ಬೀಳುವುದಿಲ್ಲ, ಎರಡು ಪಟ್ಟು ಕರೆಂಟು ಒಯ್ಯುತ್ತದೆ. ಅದಕ್ಕೆ ಇರುವುದು ಒಂದೇ ಐಬು. ಎಷ್ಟು ಬೇಕಾದರೂ ಎಳೆಯಿರಿ, ತಡೆಯುತ್ತದೆ; ಗಕ್ಕನೆ ಬಗ್ಗಿಸಿದರೆ ಒಳಗೇ ಬಿರುಕು ಬಿಡುತ್ತದೆ. ಹೊರಗಿನ ಅಲ್ಯುಮಿನಿಯಂ ಮಾತ್ರ ಏನೂ ಆಗದವರ ಹಾಗೆ ಮಿಂಚುತ್ತಿರುತ್ತದೆ.

ಹಲ್ಲಿ ಆ ಗಾಜಿನ ಹೊದಿಕೆಯೊಳಗೆ ಬೆಳಕು ಬಿಡುತ್ತದೆ. ಬಿರುಕಿದ್ದ ಕಡೆ ಬೆಳಕು ತಿರುಗಿ ಬರುತ್ತದೆ, ಹಲ್ಲಿ ಲೊಚಗುಟ್ಟುತ್ತದೆ. ಇಷ್ಟು ಹಳೆಯ ವಿದ್ಯೆ. ಹೊಸದಾಗಿ ತಿಳಿದದ್ದು ಕಳೆದ ವರ್ಷ. ಈ ತಂತಿಯ ನಾರುಗಳನ್ನು ಹಿಡಿದಿಟ್ಟ ಅಂಟು ಪೂರ್ತಿ ಒಣಗಲು ತಿಂಗಳುಗಟ್ಟಲೆ ಬೇಕಂತೆ. ಹಸಿ ಇದ್ದಾಗ ಎಲ್ಲಿಯಾದರೂ ತಂತಿ ಬಲವಾಗಿ ಬಾಗಿದರೆ, ಆ ಗಳಿಗೆಯ ನಡುಕ ಗಾಜಿನ ಎಳೆಯಲ್ಲಿ ಹಾಗೇ ಉಳಿದುಬಿಡುತ್ತದೆ. ಗೋಡೆಗೆ ಬಳಿದ ಹಸಿ ಗಿಲಾವಿನ ಮೇಲೆ ಕೂಸು ಅಂಗೈ ಊರಿದರೆ ಗುರುತು ಉಳಿಯುವುದಿಲ್ಲವೇ, ಹಾಗೆ. ದನಿ ಎಂದರೂ ನಡುಕವೇ ತಾನೆ? ಹಲ್ಲಿಯ ಬೆಳಕಿನಿಂದ ಆ ನಡುಕವನ್ನು ಓದಿ ಮತ್ತೆ ದನಿ ಮಾಡಬಹುದು ಎಂದು ಗೊತ್ತಾದಾಗ ಎಲ್ಲರಿಗೂ ಮೋಜು ಅನಿಸಿತು. ನಮ್ಮ ಕೇಂದ್ರದಲ್ಲಿ ಒಂದು ತಂತಿಯಿಂದ ಟ್ರ್ಯಾಕ್ಟರಿನ ಹಾರ್ನ್ ಕೇಳಿಸಿ ಮಧ್ಯಾಹ್ನವಿಡೀ ನಕ್ಕಿದ್ದೆವು.

ಹೊಳೆಸಾಲಿನ ಲೈನ್ ಇಪ್ಪತ್ತೆರಡು ವರ್ಷದಿಂದ ಅರ್ಧ ಕರೆಂಟಿನಲ್ಲೇ ಓಡುತ್ತಿತ್ತು. ಕಪ್ಪತಗುಡ್ಡದ ಗಾಳಿಗಿರಣಿಗಳ ಹೊಸ ಬ್ಯಾಟರಿ ಕೇಂದ್ರ ಸೇರಿದ ಮೇಲೆ ಪೂರ್ತಿ ಕರೆಂಟು ಬಿಡಬೇಕೆಂದು ಅಪ್ಪಣೆಯಾಯಿತು. ಪೂರ್ತಿ ಬಿಟ್ಟರೆ ತಂತಿ ಕಾಯುತ್ತದೆ, ಕಾದ ಅಲ್ಯುಮಿನಿಯಂ ಸಡಿಲವಾಗುತ್ತದೆ, ಆಗ ಭಾರವೆಲ್ಲ ಒಳಗಿನ ಕೋಲಿನ ಮೇಲೆಯೇ ಬೀಳುತ್ತದೆ. ಅದರಲ್ಲಿ ಬಿರುಕಿದ್ದರೆ ತಂತಿ ನೆಲ ಕಾಣುವುದೇ. ಅದಕ್ಕಾಗಿ ಹಲ್ಲಿಯನ್ನು ಇಡೀ ಲೈನ್ ಮೇಲೆ ಓಡಾಡಿಸಿದೆ. ತಂತಿಯ ತುದಿಗೆ ಕ್ಲಾಂಪು ಹಾಕಿ ಬಿಗಿದು ಕಟ್ಟುವ ದೊಡ್ಡ ಟವರುಗಳು ಎಂಟು. ಏಳರಲ್ಲಿ ಹಲ್ಲಿ ಲೊಚಗುಟ್ಟಿತು. ಎಂಟನೆಯದು ಹೊಳೆ ದಾಟುವ ಟವರು, ಅಲ್ಲಿ ಸುಮ್ಮನಿತ್ತು.

ಕಟ್ಟಿ ಸಾಹೇಬರು ಪರದೆಯ ಮೇಲೆ ಏಳು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ಗದ್ದ ಕೆರೆದುಕೊಂಡರು.

"ಇದೇನ್ರೀ ನೀಲಗಂಗಾ, ಏಳಕ್ಕೇಳೂ ಕ್ಲಾಂಪಿನಿಂದ ಒಂಬತ್ತ ಅಡಿಗೇ ಅವ. ಸಿಡ್ಲು ಬಡದ್ರ ಅಳತಿ ಹಿಡದು ಬಡೀತದೇನು?"

"ದನಿ ಏನರೆ ಉಳದದ ಏನೋ ನೋಡೂಣ್ರಿ ಸರ್," ಎಂದು ನಾನು ಗುಂಡಿ ಒತ್ತಿದೆ.

ಮೊದಲು ಗಾಳಿ. ಆಮೇಲೆ ದೂರದಲ್ಲಿ ಯಾರೋ ಕೆಮ್ಮಿದರು. ಅದಾದ ಮೇಲೆ ಸ್ಪೀಕರಿನ ಹತ್ತಿರವೇ ಕುಳಿತವರ ಹಾಗೆ, ದಪ್ಪ, ಸ್ವಲ್ಪ ಒಡಕು ದನಿಯಲ್ಲಿ, ಯಾರನ್ನೋ ರಮಿಸುವಂತೆ:

"ನಿಂದ್ರು ನನ್ನವ್ವಾ, ನಿಂದ್ರು."

ಕಡೆಗೊಂದು ಸಣ್ಣ ಚಟಕ್. ಏಳು ಕಡೆಯೂ ಅದೇ ದನಿ, ಅದೇ ಮಾತು, ಅದೇ ಚಟಕ್.

"ಯಾರೋ ಹೆಣ್ಮಗಳಿಗೆ ಹೇಳಿಧಂಗ ಅದಲ್ಲ," ಎಂದರು ಸಾಹೇಬರು. "ಆವಾಗ ಗ್ಯಾಂಗಿನಾಗ ಹೆಣ್ಮಕ್ಕಳು ಇದ್ರೇನು?"

ಆ ದನಿಯನ್ನು ನಾನು ಮೂರು ವರ್ಷದಿಂದ ಕೇಳಿರಲಿಲ್ಲ. ಇನ್ನು ಕೇಳುವುದೂ ಇಲ್ಲ ಎಂದು ಡಾಕ್ಟರರು ಹೇಳಿದ್ದರು. ಅದು ನಮ್ಮಪ್ಪನ ದನಿ. ಗಂಟಲಿಗೆ ಹುಣ್ಣಾಗಿ, ಆಪರೇಷನ್ ಮಾಡಿ, ದನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ನನಗೆ ಅಲ್ಲೇ ಅಳು ಬಂತು. ಮುಖ ತೊಳೆಯುವ ನೆವ ಮಾಡಿ ಎದ್ದು ಹೋದೆ.

ನಮ್ಮಪ್ಪ ಹುಲಿಗೆಪ್ಪ ಬಾರಕೇರ. ಹೊಳೆಸಾಲಿನ ಲೈನನ್ನು ಎಳೆದ ಗ್ಯಾಂಗಿಗೆ ಮೇಸ್ತ್ರಿ. ಅವನಿಗೆ ಇದ್ದ ಹೆಮ್ಮೆ ಒಂದೇ: ಅವನ ಗ್ಯಾಂಗು ಎಳೆದ ತಂತಿ ಒಂದೂ ಇವತ್ತಿನವರೆಗೆ ನೆಲಕ್ಕೆ ಬಿದ್ದಿಲ್ಲ. ದನಿ ಇದ್ದಾಗ ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಅದನ್ನು ಹೇಳದೆ ಇಳಿಯುತ್ತಿರಲಿಲ್ಲ. ದನಿ ಹೋಯಿತು, ಆ ಹೆಮ್ಮೆ ಉಳಿದಿತ್ತು. ಈಗ ಅದನ್ನೂ ನಾನೇ ಹೋಗಿ ಕಿತ್ತುಕೊಳ್ಳಬೇಕಾಗಿತ್ತು. ಒಂಬತ್ತು ಅಡಿ ಎಂದರೆ ಏನು ಎಂದು ನನಗೆ ಆಗಲೇ ಹೊಳೆದಿತ್ತು.

ಗ್ಯಾಂಗಿನಲ್ಲಿ ಅದಕ್ಕೆ 'ಮಂಡಿ ಕೊಡೋದು' ಅನ್ನುತ್ತಿದ್ದರು. ತಂತಿಯ ತುದಿಗೆ ಕ್ಲಾಂಪಿನ ತೋಳು, ಅಂದರೆ ತುದಿಯನ್ನು ಒಳಗೆ ಹಿಡಿದಿಡುವ ಲೋಹದ ಕೊಳವೆ, ಹಾಕುವ ಮೊದಲು, ತುದಿಯಿಂದ ಎರಡು ಮಾರು, ಅಂದರೆ ಹನ್ನೆರಡು ಅಡಿ ಬಿಟ್ಟು, ಮೇಸ್ತ್ರಿ ಅದನ್ನು ತನ್ನ ಮಂಡಿಯ ಮೇಲಿಟ್ಟು ಎರಡೂ ಕೈಯಿಂದ ಬಗ್ಗಿಸುತ್ತಿದ್ದ. ಉಕ್ಕಿನ ತಂತಿ ತಿರುಗಿ ನೆಟ್ಟಗಾಗುವ ರೀತಿಯಲ್ಲೇ ಅದರ ಗುಣ ತಿಳಿಯುತ್ತಿತ್ತಂತೆ. ಮೇಸ್ತ್ರಿ ಮಂಡಿ ಕೊಡದ ತಂತಿಯನ್ನು ಯಾರೂ ಮೇಲೆ ಏರಿಸುತ್ತಿರಲಿಲ್ಲ. ಅಜ್ಜನ ಕಾಲದಿಂದ ಬಂದ ಪದ್ಧತಿ. ತೋಳು ಮೂರು ಅಡಿಯಷ್ಟು ಮುಚ್ಚಿಕೊಂಡರೆ ಎರಡು ಮಾರಿನಲ್ಲಿ ಉಳಿಯುವುದು ಒಂಬತ್ತೇ ಅಡಿ. ಹೊಸ ತಂತಿ ಬಂದಾಗ ಕಂಪನಿಯವನೊಬ್ಬ ಬಂದು ಒಂದು ದಿನ ಹಿಂದಿಯಲ್ಲಿ ಪಾಠ ಹೇಳಿ, ಒಂದು ಹಾಳೆ ಹಂಚಿ ಹೋಗಿದ್ದ. ಬಗ್ಗಿಸಬಾರದು ಎಂದು ಅದರಲ್ಲಿ ಬರೆದಿತ್ತು, ಇಂಗ್ಲಿಷಿನಲ್ಲಿ. ಎಲ್ಲರೂ ತಲೆಯಾಡಿಸಿದ್ದರು. ಮರುದಿನ ಅಪ್ಪ ಹೊಸ ತಂತಿಗೂ ಅಷ್ಟೇ ಪ್ರೀತಿಯಿಂದ ಮಂಡಿ ಕೊಟ್ಟಿದ್ದ.

ಮನೆಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಪಡಸಾಲೆಯಲ್ಲಿ ಕುಳಿತು ನನ್ನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ನನ್ನನ್ನು ಕಂಡು ಬಲಗೈಯನ್ನು ಗಾಳಿಯಲ್ಲಿ ಸುತ್ತಿಸಿದ. 'ಎಳಿ' ಎಂದರ್ಥ, ಅಂದರೆ ಬೇಗ ಒಳಗೆ ಬಾ, ಚಹ ಆಗಿದೆ. ತಂತಿ ಎಳೆಯುವಾಗ ಒಂದು ಟವರಿನಿಂದ ಇನ್ನೊಂದಕ್ಕೆ ಕೂಗು ಮುಟ್ಟುವುದಿಲ್ಲ, ಕೈಸನ್ನೆಯೇ ಮಾತು. ದನಿ ಹೋದ ಮೇಲೆ ನಮ್ಮ ಮನೆಯಲ್ಲೂ ಅದೇ ಭಾಷೆ. ಅಂಗೈ ಕೆಳಗೆ ಮಾಡಿ ಮೆಲ್ಲಗೆ ಒತ್ತಿದರೆ 'ಸಡ್ಲ ಬಿಡು', ಅಂದರೆ ಇನ್ನಷ್ಟು ಸಾರು ಹಾಕು. ಅವ್ವ ಒಮ್ಮೊಮ್ಮೆ ಬೇಕೆಂದೇ ತಪ್ಪು ತಿಳಿದವಳಂತೆ ಮಾಡಿ ಮಜ್ಜಿಗೆ ಸುರಿಯುತ್ತಾಳೆ, ಅಪ್ಪನ ಹೆಗಲು ಕುಲುಕುತ್ತವೆ. ಅದು ಅವನ ನಗು. ಎರಡೂ ಕೈ ಮೇಲೆತ್ತಿ ಅಡ್ಡ ಹಿಡಿಯುವ 'ತಡಿ' ಸನ್ನೆಯನ್ನು ಮಾತ್ರ ಅಪ್ಪ ಮನೆಯಲ್ಲಿ ಎಂದೂ ಮಾಡುವುದಿಲ್ಲ. ಗ್ಯಾಂಗಿನಲ್ಲಿ ಯಾರೇ ಆಗಲಿ, ನಿನ್ನೆ ಬಂದ ಕೂಲಿಯೇ ಆಗಲಿ, 'ತಡಿ' ಎತ್ತಿದರೆ ಎಲ್ಲ ನಿಲ್ಲಬೇಕು, ಯಾಕೆ ಎಂದು ಆಮೇಲೆ ಕೇಳಬೇಕು. ಅದು ಆಟದ ಸಾಮಾನಲ್ಲ ಎಂದು ಅವನ ನಂಬಿಕೆ.

ಆಸ್ಪತ್ರೆಯವರು ಒಂದು ಮಾತಿನ ಯಂತ್ರವನ್ನೂ ಕೊಟ್ಟಿದ್ದರು, ಟಾರ್ಚಿನಂಥದ್ದು. ಗಂಟಲಿಗೆ ಒತ್ತಿಟ್ಟು ತುಟಿಯಾಡಿಸಿದರೆ ಗುಂಯ್ ಎನ್ನುವ ದನಿಯಲ್ಲಿ ಮಾತು ಬರುತ್ತದೆ. ಅಪ್ಪ ಒಂದೇ ಒಂದು ಸಲ ಹಚ್ಚಿಕೊಂಡು, ತನ್ನ ದನಿಯನ್ನು ತಾನೇ ಕೇಳಿ, ಅದನ್ನು ಟ್ರಂಕಿನ ತಳಕ್ಕೆ ಹಾಕಿದ. ಅವ್ವ ಮಾತ್ರ ಪ್ರತಿ ರವಿವಾರ ಅದನ್ನು ತೆಗೆದು ಚಾರ್ಜಿಗೆ ಹಾಕಿ, ಒರೆಸಿ, ತಿರುಗಿ ಅಲ್ಲೇ ಇಡುತ್ತಾಳೆ. ಮೂರು ವರ್ಷದಿಂದ ಒಂದು ರವಿವಾರವೂ ತಪ್ಪಿಸಿಲ್ಲ.

ನಾನು ಅಡಿಗೆಮನೆಗೆ ಹೋಗಿ ಅವ್ವನ ಕಿವಿಯ ಹತ್ತಿರ ಫೋನು ಹಿಡಿದೆ. ಅವ್ವನಿಗೆ ಮೊದಲು ಹೇಳಿ, ಅಪ್ಪನಿಗೆ ಹೇಗೆ ಹೇಳುವುದೆಂದು ಕೇಳೋಣ ಎಂಬುದು ನನ್ನ ಲೆಕ್ಕಾಚಾರ. ಹೆದರಿದಾಗ ನಾನು ಇಂಥ ಜಾಣತನವನ್ನೇ ಮಾಡುತ್ತೇನೆ.

"ನಿಂದ್ರು ನನ್ನವ್ವಾ, ನಿಂದ್ರು."

ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಅವ್ವ ಕಿವಿ ಮುಚ್ಚಿಕೊಂಡಳು, ಆಮೇಲೆ ಬಿಟ್ಟಳು.

"ಎಲ್ಲಿತ್ತ ಇದು? ಇನ್ನೊಮ್ಮೆ ಹಚ್ಚು."

ಹಚ್ಚಿದೆ.

"ಇನ್ನೊಮ್ಮೆ."

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬರುತ್ತಿತ್ತು. ಅವ್ವನಿಗೆ ಅದರ ಗೊಡವೆಯಿಲ್ಲ.

"ಲೈನಿನ ತಂತ್ಯಾಗ ಸಿಕ್ತಬೇ," ಎಂದೆ. "ನನಗಂತೂ ಬರೇ 'ಏ ನೀಲಿ' ಅಂತ ಕರದ. ತಂತಿಗಾದ್ರ 'ನನ್ನವ್ವಾ' ಅಂತ ಎಷ್ಟ ಅಕ್ಕರತಿ ನೋಡು."

ನಗಿಸಲೆಂದು ಹೇಳಿದ್ದೆ. ಅದರಲ್ಲಿ ಒಂದಿಷ್ಟು ನಿಜವೂ ಇತ್ತು. ಚಿಕ್ಕಂದಿನಲ್ಲಿ ಅಪ್ಪ ಆರಾರು ತಿಂಗಳು ತಂತಿಯ ಸಂಗಡವೇ ಇರುತ್ತಿದ್ದ, ನನಗೆ ತಂತಿಯ ಮೇಲೆ ಹೊಟ್ಟೆಕಿಚ್ಚಿತ್ತು.

ಅವ್ವ ನನ್ನನ್ನು ದಿಟ್ಟಿಸಿ ನೋಡಿದಳು. "ಹುಚ್ಚಿ. ನೀ ಎರಡ ವರ್ಷದಾಕಿ ಆದ್ರೂ ನಡದಿರಲಿಲ್ಲ. ಕಾಲಾಗ ಕಸುವಿಲ್ಲ ಅಂದಿದ್ರು. ನಿಮ್ಮಪ್ಪ ಕೆಲಸ ಬಿಟ್ಟು ಎರಡ ತಿಂಗಳ ಮನ್ಯಾಗ ಕುಂತಾ. ದಿನಾ ನಿನ್ನ ತನ್ನ ಮಂಡಿ ಮ್ಯಾಲ ಆನಿಸಿ, ಎರಡೂ ಕೈ ಹಿಡದು, 'ನಿಂದ್ರು ನನ್ನವ್ವಾ, ನಿಂದ್ರು' ಅಂತಿದ್ದ. ನೀ ನಿಂತಿ. ಅದರ ಮ್ಯಾಲ ತಂತಿಗೂ ಅದ ಮಾತ ಹೇಳಾಕ ಚಾಲೂ ಮಾಡಿದಾ. ಮೊದಲ ಅಂದಿದ್ದು ನಿನಗ."

ತಿರುಗಿದರೆ ಬಾಗಿಲಲ್ಲಿ ಅಪ್ಪ, ಕೈಯಲ್ಲಿ ಎಣ್ಣೆಯ ಡಬ್ಬಿ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಅವನ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ. ಕೈ ಚಾಚಿ ಫೋನು ಇಸಿದುಕೊಂಡು, ತನ್ನ ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳಿದ. ಮಾತಿನ ಕೊನೆಗೆ ಆ ಚಟಕ್ ಬಂದಾಗ ಕಣ್ಣು ತೆರೆದ. ತಿರುಗಿ ಕೇಳಿದ. ಮೂರನೆಯ ಸಲ ಚಟಕ್ಕಿನ ಹತ್ತಿರ ತಲೆ ನನ್ನ ಕಡೆ ತಿರುಗಿತು. ಡಬ್ಬಿ ಕೆಳಗಿಟ್ಟು, ಒಂದು ಕಾಲು ಮಡಚಿ, ಮಂಡಿಯ ಮೇಲೆ ಏನನ್ನೋ ಬಗ್ಗಿಸುವಂತೆ ಎರಡೂ ಕೈ ಮಾಡಿ, ಹುಬ್ಬೇರಿಸಿ ನನ್ನನ್ನೇ ನೋಡಿದ.

"ಹೌದಪ್ಪಾ," ಎಂದೆ. "ಮಂಡೀನ."

ಅವ್ವ ಒಣಗಲು ಹಾಕಿದ್ದ ಶ್ಯಾವಿಗೆಯ ಒಂದು ಎಳೆ ತಂದು ಅವನ ಕೈಗಿಟ್ಟು ವಿವರಿಸಿದೆ. ಎರಡೂ ತುದಿ ಹಿಡಿದು ನೆಟ್ಟಗೆ ಎಳೆದರೆ ಸಣ್ಣ ಎಳೆಯೂ ತಡೆಯುತ್ತದೆ. ಒಂಚೂರು ಬಗ್ಗಿಸಿದರೆ ಲಟಕ್ಕನೆ ಹೋಗುತ್ತದೆ. ಹೊಸ ತಂತಿಯ ಒಳಗಿನ ಕೋಲು ಅಂಥದ್ದು. ನಿನಗೆ ಯಾರೂ ಹೇಳಲಿಲ್ಲ, ನಿನಗೆ ತಿಳಿಯುವ ಭಾಷೆಯಲ್ಲಿ ಯಾರೂ ಹೇಳಲಿಲ್ಲ. ತಂತಿ ಇನ್ನೂ ಬಿದ್ದಿಲ್ಲ. ಗುರುವಾರ ಏಳೂ ಕಡೆ ಕತ್ತರಿಸಿ ಹೊಸ ತುಂಡು ಹಾಕುತ್ತೇವೆ. ಹೀಗೆಲ್ಲ ಹೇಳಿದೆ. ಅಪ್ಪ ಮುರಿದ ಶ್ಯಾವಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕುಳಿತಿದ್ದ. ಊಟಕ್ಕೆ ಏಳಲಿಲ್ಲ. ಅವ್ವ ತಟ್ಟೆ ತಂದಿಟ್ಟಳು, ಅಂಗೈಯಿಂದ ಪಕ್ಕಕ್ಕೆ ಸರಿಸಿದ. ಗೋಡೆಯ ಕಡೆ ಮುಖ ಮಾಡಿ ಮಲಗಿದವನ ಬೆನ್ನನ್ನು ನೋಡಿ, ಈ ಹಲ್ಲಿಯನ್ನು ಹುಟ್ಟಿಸಿದವರ ಮೇಲೆಯೇ ನನಗೆ ಸಿಟ್ಟು ಬಂತು.

ತಪಾಸಣೆಯ ವರದಿಯಲ್ಲಿ 'ದೋಷದ ಮೂಲ' ಎಂಬ ಕಾಲಂ ಇದೆ. ಮರುದಿನ ಎಲ್ಲವನ್ನೂ ತುಂಬಿದೆ, ಅದೊಂದನ್ನು ಖಾಲಿ ಬಿಟ್ಟೆ. ಆದರೆ ಸಾಹೇಬರಿಗೆ ಬಾಯಿಬಿಟ್ಟು ಹೇಳಿದೆ, ಅದು ಯಾರ ದನಿ ಎಂದು. ಅವರು ಬಹಳ ಹೊತ್ತು ಪೆನ್ನಿನ ಟೊಪ್ಪಿಗೆ ಹಾಕಿ ತೆಗೆದು ಮಾಡಿದರು.

"ಸದ್ಯಕ್ಕ ಖಾಲೀನ ಇರ್ಲಿ ಬಿಡ್ರಿ," ಎಂದರು.

ಗುರುವಾರ ಬೆಳಿಗ್ಗೆ ಜೀಪಿನ ಹತ್ತಿರ ಬಂದರೆ ಅಪ್ಪ ಅದಾಗಲೇ ಹಿಂದಿನ ಸೀಟಿನಲ್ಲಿ ಕುಳಿತಿದ್ದ. ಹಳೆಯ ಬೂಟು, ಬಣ್ಣ ಹೋದ ಹೆಲ್ಮೆಟ್ಟು, ತೊಡೆಯ ಮೇಲೆ ಅವ್ವ ಕಟ್ಟಿದ ಬುತ್ತಿಗಂಟು. ಬೇಡ ಎಂದರೆ ಇಳಿಯುವ ಮುಖವಾಗಿರಲಿಲ್ಲ.

ಲೈನ್ ಬಂದ್ ಮಾಡಿಸಿ, ಏಳು ಟವರಿಗೆ ಏಳು ಗ್ಯಾಂಗು ಹಚ್ಚಿದ್ದರು. ಎಲ್ಲರ ಮೇಲೆ ಸೂಪರ್‌ವೈಸರ್ ಮೌಲಾಲಿ ಕಾಕಾ. ಅವನು ಅಪ್ಪನ ಕೈಕೆಳಗೆ ಹಗ್ಗ ಹಿಡಿಯುತ್ತಿದ್ದವನು, ಈಗ ಗಡ್ಡ ಬೆಳ್ಳಗಾಗಿದೆ. ಅಪ್ಪನನ್ನು ಕಂಡವನೇ ಓಡಿ ಬಂದು ಎರಡೂ ಕೈ ಹಿಡಿದುಕೊಂಡ. "ಮೇಸ್ತ್ರಿ ಬಂದ್ರು, ಇನ್ನ ಕೆಲಸ ಆತು ಬಿಡು," ಎಂದ. ಅಪ್ಪ ಕಣ್ಣು ತಪ್ಪಿಸಿದ.

ಮಂಡಿ ಕೊಟ್ಟ ತುಂಡುಗಳನ್ನು ಕತ್ತರಿಸಿ ತೆಗೆದು, ಹೊಸ ತುಂಡು ಜೋಡಿಸಿ, ತೋಳು ಒತ್ತಿ ಏರಿಸಿದರು. ಹೊಸ ತುಂಡಿನ ಅಂಟು ಇನ್ನೂ ಹಸಿ. ಹತ್ತಿರ ಯಾರಾದರೂ ತಂತಿ ಮುಟ್ಟಿ ಜೋರಾಗಿ ಮಾತಾಡಿದರೂ ಬಿರುಕಿಲ್ಲದಿದ್ದರೂ ಹಲ್ಲಿ ಆ ನಡುಕಕ್ಕೇ ಲೊಚ್ ಎನ್ನುತ್ತಿತ್ತು. ಗ್ಯಾಂಗಿನವರಿಗೆ ಅದೊಂದು ಚೇಷ್ಟೆಯಾಯಿತು. ಒಬ್ಬ ತಂತಿ ಹಿಡಿದು, "ಸಾಹೇಬ್ರು ಇವತ್ತ ಮಿರ್ಚಿ ಭಜಿ ತಿನ್ನಸ್ತಾರ" ಎಂದ. ಹಲ್ಲಿ ಲೊಚ್ ಎಂದಿತು. ಎಲ್ಲರೂ ನೆಲಕ್ಕೆ ಬೆರಳು ಬಡಿದರು. ಕಟ್ಟಿ ಸಾಹೇಬರು ಭಜಿ ತರಿಸಬೇಕಾಯಿತು.

ಜೀಪು ಟವರಿನಿಂದ ಟವರಿಗೆ ಹೋದಂತೆ ಅಪ್ಪ ಕತ್ತರಿಸಿದ ತುಂಡುಗಳನ್ನು ಒಂದೊಂದಾಗಿ ಎತ್ತಿ, ಬಿರುಕಿನ ಮೇಲೆ ಹೆಬ್ಬೆರಳಾಡಿಸಿ, ಜೀಪಿನ ಹಿಂದೆ ಸಾಲಾಗಿ ಇಟ್ಟ. ಏಳನೆಯದನ್ನು ಇಟ್ಟ ಮೇಲೆ ಹೊಳೆಯ ಕಡೆ ನೋಡುತ್ತ ನಿಂತ.

ನಾಲ್ಕು ಗಂಟೆಗೆ ಲೈನ್ ತಿರುಗಿ ಚಾಲೂ ಮಾಡಬೇಕಿತ್ತು. ಕಡೆಯದಾಗಿ ಹೊಳೆ ಟವರಿನ ಕೆಳಗೆ ಎಲ್ಲರೂ ಸೇರಿದೆವು. ಹಲ್ಲಿಯನ್ನು ಇನ್ನೊಮ್ಮೆ ಅಲ್ಲಿ ಹತ್ತಿಸಿದೆ, ಸುಮ್ಮನಿತ್ತು. ಕೆಳಗೆ ತುಂಗಭದ್ರೆ. ಸೋಪಾನಕಟ್ಟೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಆಚೆ ದಂಡೆಯಿಂದ ಹರಿಗೋಲೊಂದು ಜನ ತುಂಬಿಕೊಂಡು ಬರುತ್ತಿತ್ತು. ಕಟ್ಟಿ ಸಾಹೇಬರು ಫೋನು ಕಿವಿಗಿಟ್ಟುಕೊಂಡು, "ನಮ್ಮ ಕಡಿಂದ ಎಲ್ಲಾ ಸಾಫ್ ಅದ, ಚಾರ್ಜ್…" ಎನ್ನುವಷ್ಟರಲ್ಲಿ ಮೌಲಾಲಿ ಕಾಕಾ ಕೂಗಿದ.

"ನಿಂದರಸ್ರೀ! ತಡಿ ಎತ್ಯಾರ!"

ದಿಬ್ಬದ ಮೇಲೆ ಅಪ್ಪ ನಿಂತಿದ್ದ. ಎರಡೂ ಕೈ ತಲೆಯ ಮೇಲೆ, ಅಡ್ಡ.

ಹಗ್ಗ ಹಿಡಿದಿದ್ದವರು ಹಿಡಿದಲ್ಲೇ ನಿಂತರು. ಭಜಿ ತಿನ್ನುತ್ತಿದ್ದವನು ಸಹ ಬಾಯಿ ನಿಲ್ಲಿಸಿದ. ಸಾಹೇಬರು ಫೋನಿನಲ್ಲಿ, "ಒಂದ ನಿಮಿಷ ತಡೀರಿ" ಎಂದರು.

ಅಪ್ಪ ಇಳಿದು ಬಂದು ನನ್ನ ಕೈ ಹಿಡಿದು ಟವರಿನ ಹತ್ತಿರ ಕರೆದೊಯ್ದ. ಮೇಲೆ ಹೊಳೆಯ ತಂತಿಗೆ ಹಾಕಿದ್ದ ಕ್ಲಾಂಪಿನ ತೋಳನ್ನು ತೋರಿಸಿದ. ಎರಡೂ ಕೈ ಅಗಲಿಸಿ ಮಾರು ಮಾಡಿ, ಅದನ್ನು ಗಿಡ್ಡ ಮಾಡಿದ. ಇನ್ನೂ ಗಿಡ್ಡ ಮಾಡಿದ. ಕಾಲು ಮಡಚಿ ಮಂಡಿ ಕೊಡುವಂತೆ ಮಾಡಿದ. ಆಮೇಲೆ ಎಡಗೈಯ ಮುಷ್ಟಿಯನ್ನು ಬಲಗೈಯಿಂದ ಪೂರ್ತಿ ಮುಚ್ಚಿ ಹಿಡಿದುಕೊಂಡ.

ನನಗೆ ಅರ್ಥವಾಯಿತು, ಸಾಹೇಬರ ಕಡೆ ತಿರುಗಿದೆ.

"ಸರ್, ಇಲ್ಲಿ ತಂತಿ ಕಡಿಮಿ ಬಿದ್ದಿತ್ತಂತ್ರಿ. ಎರಡ ಮಾರು ಬಿಡಾಕ ಆಗಿಲ್ಲ. ತುದಿ ಹಂತೇಕನ ಮಂಡಿ ಕೊಟ್ಟಾನ. ಬಿರುಕು ತೋಳಿನ ಒಳಗ ಮುಚ್ಚಿ ಹೋಗೇತಿ. ಹಲ್ಲಿ ಬೆಳಕು ಬಿಡೋದು ತೋಳಿನ ಬಾಯಿಂದ ಮುಂದಕ್ಕ. ಒಳಗಿಂದು ಅದಕ್ಕ ಕಾಣೂದಿಲ್ಲ."

ಸಾಹೇಬರು ಗಡಿಯಾರ ನೋಡಿದರು, ಮೇಲಿನ ತೋಳನ್ನು ನೋಡಿದರು. "ತೋಳು ಬಿಚ್ಚಬೇಕಂದ್ರ ನಾಳಿ ಸಂಜೀತನಕ ಲೈನ್ ಬಂದ್ ಇಡಬೇಕಾಗ್ತದ. ಮ್ಯಾಲಿನವರಿಗೆ ನಾ ಏನಂತ ಹೇಳ್ಲಿ? ಹಲ್ಲಿ ನುಡದಿಲ್ಲ, ಆದ್ರೂ ಬಿಚ್ತೀನಿ ಅಂತನ?" ಆಮೇಲೆ ಅಪ್ಪನ ಹತ್ತಿರ ಬಂದು ದನಿ ತಗ್ಗಿಸಿದರು. "ಮೇಸ್ತ್ರೀ, ಇಪ್ಪತ್ತೆರಡ ವರ್ಷದ ಮಾತು. ಏಳು ಕಡೆ ಕೊಟ್ಟಿದ್ದಕ್ಕ ಇಲ್ಲೂ ಕೊಟ್ಟಿರಬೇಕು ಅಂತ ಮನಸ್ಸಿಗೆ ಹತ್ತೇದೇನು? ಖರೇನ ನೆನಪದನ?"

ಅಪ್ಪ ಹೊಳೆಯ ಮೇಲಿನ ಹರಿಗೋಲನ್ನು ನೋಡಿದ. ಅದು ಈಗ ಸರಿಯಾಗಿ ತಂತಿಯ ಕೆಳಗಿತ್ತು. ತಿರುಗಿ ಎರಡೂ ಕೈ ಎತ್ತಿ ಅಡ್ಡ ಹಿಡಿದ. ಈ ಸಲ ಇಳಿಸಲೇ ಇಲ್ಲ.

ಅವನು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಂತ್ರಕ್ಕೂ ಗೊತ್ತಾಗುತ್ತಿರಲಿಲ್ಲ. ಬಿದ್ದ ಮೇಲೆ ಗಾಳಿಯ ಮೇಲೋ ಸಿಡಿಲಿನ ಮೇಲೋ ಹಾಕಿ ಕೈತೊಳೆದುಕೊಳ್ಳಬಹುದಿತ್ತು.

ಮೌಲಾಲಿ ಕಾಕಾ ಹೆಲ್ಮೆಟ್ಟು ತೆಗೆದು ಕಂಕುಳಲ್ಲಿಟ್ಟುಕೊಂಡ. "ಸಾಹೇಬ್ರ, ತಡಿ ಎತ್ತಿದ ಮ್ಯಾಲ ನಮ್ಮ ಮಂದಿ ಯಾರೂ ಕೈ ಹಚ್ಚೂದಿಲ್ರಿ. ಸಿಟ್ಟಾಗಬ್ಯಾಡ್ರಿ."

ಸಾಹೇಬರು ನಿಟ್ಟುಸಿರು ಬಿಟ್ಟು, ಫೋನು ತೆಗೆದು, ನಾಳೆ ಸಂಜೆಯವರೆಗೆ ಎಂದು ಹೇಳಿದರು. ಆ ಕಡೆಯಿಂದ ಬೈಗುಳ ನಮಗೂ ಕೇಳಿಸಿತು. ಕೇಳಿಸಿಕೊಂಡು ಫೋನು ಜೇಬಿಗಿಟ್ಟುಕೊಂಡರು. ಆವತ್ತಿನಿಂದ ಆ ಮನುಷ್ಯನ ಬಗ್ಗೆ ಯಾರು ಏನಂದರೂ ನಾನು ಕೇಳಿಸಿಕೊಳ್ಳುವುದಿಲ್ಲ.

ಮರುದಿನ ಮಧ್ಯಾಹ್ನ ಹೊಳೆಯ ತಂತಿಯನ್ನು ಇಳಿಸಿ, ತೋಳನ್ನು ಉದ್ದಕ್ಕೆ ಸೀಳಿದರು. ಅಲ್ಯುಮಿನಿಯಂ ಬಿಡಿಸಿದಾಗ ಕಪ್ಪು ಕೋಲು ಕಂಡಿತು. ಅರ್ಧಕ್ಕಿಂತ ಹೆಚ್ಚು ಸೀಳಿ ಹೋಗಿ, ಉಳಿದದ್ದೂ ಬತ್ತಿಯ ಹಾಗೆ ಎಳೆಎಳೆಯಾಗಿತ್ತು. ಪೂರ್ತಿ ಕರೆಂಟು ಬಿಟ್ಟಿದ್ದರೆ ಎರಡು ದಿನವೂ ತಡೆಯುತ್ತಿರಲಿಲ್ಲ. ಅಪ್ಪ ಅದರ ಪಕ್ಕ ಮಣ್ಣಿನಲ್ಲಿ ಕುಳಿತುಬಿಟ್ಟ. ನಾನೂ ಹೋಗಿ ಕುಳಿತೆ. ಅವನು ನನ್ನ ಕಡೆ ನೋಡಲಿಲ್ಲ. ನಾನು ಅವನ ಮಂಡಿಯ ಮೇಲೆ ಕೈಯಿಟ್ಟೆ, ಅಷ್ಟೆ.

ಸಾಹೇಬರು ವರದಿಯ ಹಾಳೆಯನ್ನು ಬಾನೆಟ್ಟಿನ ಮೇಲಿಟ್ಟು ಏನೋ ಬರೆದು, ಅಪ್ಪನಿಗೆ ತೋರಿಸಿದರು. ಎಂಟನೆಯ ಟವರಿನ ಸಾಲಿನಲ್ಲಿ 'ದೋಷದ ಮೂಲ' ಎಂಬಲ್ಲಿ ಹುಲಿಗೆಪ್ಪ ಬಾರಕೇರ ಎಂದಿತ್ತು. ಪಕ್ಕದ 'ಪತ್ತೆ ಹಚ್ಚಿದವರು' ಕಾಲಮಿನಲ್ಲೂ ಅದೇ ಹೆಸರು. "ಎರಡೂ ಖರೇನ ಬರದೀನಿ ಮೇಸ್ತ್ರೀ. ಒಪ್ಪಿಗಿ ಇದ್ರ ಸಹಿ ಮಾಡ್ರಿ." ಅಪ್ಪ ಎರಡನ್ನೂ ಬೆರಳಿಟ್ಟು ನಿಧಾನವಾಗಿ ಓದಿ, ತನ್ನ ಓರೆ ಅಕ್ಷರದಲ್ಲಿ ಎರಡರ ಕೆಳಗೂ ಸಹಿ ಮಾಡಿದ.

ಹೊಸ ತುಂಡು ಜೋಡಿಸಿ, ಹೊಸ ತೋಳು ಹಾಕಿ ಒತ್ತಿದರು. ಹಲ್ಲಿಯನ್ನು ಹತ್ತಿಸಿದೆ, ಬೆಳಕು ಆಚೆ ದಂಡೆಯವರೆಗೆ ಹೋಗಿ ಮುಟ್ಟಿತು. ಇನ್ನು ಏರಿಸುವುದಷ್ಟೇ. ಆದರೆ ತಂತಿ ಎಳೆದು ಏರಿಸುವ ವಿಂಚಿನ ಹತ್ತಿರ ನಿಂತವರು ಕದಲಲಿಲ್ಲ. ಮೌಲಾಲಿ ಕಾಕಾ ಬೂಟಿನ ತುದಿ ನೋಡುತ್ತ, "ಮೇಸ್ತ್ರಿ ಕೈ ಹಚ್ಚಲಾರದ ತಂತಿ ಹ್ಯಾಂಗ ಏರಸೋದು," ಎಂದ.

ಅಪ್ಪ ಎದ್ದ. ತಂತಿಯ ಹತ್ತಿರ ಹೋಗಿ ಮಂಡಿಯೂರಿ ಕುಳಿತ. ತಂತಿ ಎತ್ತಿ ಮಂಡಿಯ ಮೇಲೆ ಇಟ್ಟುಕೊಳ್ಳಲಿಲ್ಲ. ಇದ್ದಲ್ಲೇ ಅದರ ಮೇಲೆ ಅಂಗೈಯನ್ನು ಮೆಲ್ಲಗೆ ಇಟ್ಟ. ತುಟಿ ಅಲುಗಿದವು, ದನಿ ಇಲ್ಲ. ತಿರುಗಿ ನನಗೆ ಸನ್ನೆ ಮಾಡಿದ. ಜೀಪಿನಲ್ಲಿರುವ ಬುತ್ತಿಗಂಟು ತಾ.

ತಂದು ಕೊಟ್ಟೆ. ರೊಟ್ಟಿಯ ಕೆಳಗೆ, ಒಗೆದ ಬಟ್ಟೆಯಲ್ಲಿ ಸುತ್ತಿ, ಅವ್ವ ಆ ಮಾತಿನ ಯಂತ್ರವನ್ನು ಇಟ್ಟಿದ್ದಳು. ಅಪ್ಪನಿಗೆ ಗೊತ್ತಿತ್ತೇನೋ, ನನಗೆ ಹೇಳಿರಲಿಲ್ಲ.

ಅಪ್ಪ ಅದನ್ನು ಗಂಟಲಿಗೆ ಒತ್ತಿ ಹಿಡಿದ. ಗುಂಯ್ ಎಂದಿತು. ಗ್ಯಾಂಗಿನವರು ಮರ್ಯಾದೆಗೆ ಬೇರೆ ಕಡೆ ನೋಡಿದರು. ಎಡಗೈ ತಂತಿಯ ಮೇಲಿತ್ತು. ಕಣ್ಣು ಮಾತ್ರ ನನ್ನ ಮೇಲಿತ್ತು.

"ನಿಂದ್ರು ನನ್ನವ್ವಾ," ಎಂದ ಅಪ್ಪ, ತಗಡಿನ ದನಿಯಲ್ಲಿ, ಒಂದೊಂದೇ ಅಕ್ಷರವಾಗಿ. "ನಿಂದ್ರು."

ಹಲ್ಲಿ ಲೊಚ್ ಎಂದಿತು.

ಮೌಲಾಲಿ ಕಾಕಾ ಬಗ್ಗಿ ನೆಲಕ್ಕೆ ಬೆರಳು ಬಡಿದ. ವಿಂಚಿನವರು ಬಡಿದರು, ಹಗ್ಗದವರು ಬಡಿದರು. ಕಡೆಗೆ ಕಟ್ಟಿ ಸಾಹೇಬರು, ಕನ್ನಡಕ ಬೀಳದಂತೆ ಹಿಡಿದುಕೊಂಡು, ಅವರೂ ಬಗ್ಗಿದರು.

"ಖರೆ ಖರೆ," ಎಂದರು.